ಲೈನ್‌ಮನ್ ಬೆನಕಪ್ಪನ ಸೈಕಲ್ಲು

ಲಿಂಗದಹಳ್ಳಿಯ ಲೈನ್‌ಮನ್ ಬೆನಕಪ್ಪ ಸೈಕಲ್ಲನ್ನು ತುಳಿದದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ನೆಲ ನೋಡಿ ನಡೆದವನಲ್ಲ; ಮಾತು, ಬೀಡಿ, ನಮಸ್ಕಾರ ಎಲ್ಲಾ ಕತ್ತೆತ್ತಿ ತಂತಿ ನೋಡುತ್ತಲೇ. ಕರೆಂಟು ಹೋಗಿ ಪಂಪ್‌ಸೆಟ್ಟಿನವರು ಕೂಗಾಡಿದರೂ, "ತಡೀರಪ್ಪಾ, ಮೊದ್ಲು ಯಾರು ಸತ್ರು ನೋಡ್ತೀನಿ" ಅಂತ ಕಂಬದ ಬುಡ ಹುಡುಕುವನು. "ಒಂದು ತಂತಿ ಹಿಡಿದ್ರೆ ಬಾವಲಿಗೆ ಏನೂ ಆಗಲ್ಲ ಕಣ್ರೀ. ರೆಕ್ಕೆ ಬಿಚ್ಚಿ ಪಕ್ಕದ್ದೂ ಮುಟ್ತೋ, ಹೋಯ್ತು!" ವಾರವಾರ ಹಳೇ ಟ್ಯೂಬು ಬೇಡಿ ಒಯ್ಯುವ ಇವನು ಅದನ್ನೇನು ಮಾಡುತ್ತಾನೋ ಎಂದು ಪಂಕ್ಚರ್ ಅಂಗಡಿಯ ತಮ್ಮಯ್ಯನಿಗೆ ತಡೆಯಲಾರದ ಕುತೂಹಲ. ಹಳೇ ಟ್ಯೂಬು ಒಂದೂ ಇಲ್ಲವೆಂದ ದಿನ ಅವನ ಹಿಂದೆಯೇ ಹೋಗಿ ನೋಡಿದ. ಬಾವಲಿಗಳ ಆಲದ ಮರದ ಪಕ್ಕ, ಲೈನ್ ಆಫ್ ಮಾಡಿ ಕಂಬ ಹತ್ತಿದ್ದ ಬೆನಕಪ್ಪ ತಂತಿಗೆ ಟ್ಯೂಬು ಸುತ್ತುತ್ತಿದ್ದ. ಅದರ ಮೇಲೆ, ಬೆಳಗ್ಗೆಯಷ್ಟೇ ತಮ್ಮಯ್ಯ ಅವನ ಸೈಕಲ್ಲಿಗೆ ಹಾಕಿಕೊಟ್ಟಿದ್ದ ಕೆಂಪು ಪ್ಯಾಚಿತ್ತು.