ಪಡು ಬದಿಯ ದಿಬ್ಬ

ಆ ಕರೆ ನನ್ನ ಫೋನಿನಲ್ಲಿ ದಾಖಲಾಗಿದ್ದ ಸಮಯ ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ. ಮಾತಾಡಿದ್ದು ಮೂವತ್ತೊಂದು ಸೆಕೆಂಡು. ಅಷ್ಟರಲ್ಲಿ ಅಪ್ಪಯ್ಯ ಹೇಳಿದ್ದು ನಾಲ್ಕೇ ಮಾತು. ಆ ನಾಲ್ಕರಲ್ಲಿ ಒಂದನ್ನು ನಾನು ತಪ್ಪಾಗಿ ತಿಳಿದುಕೊಂಡೆ. ಅದು ಹೇಗಾಯಿತು ಎಂಬುದನ್ನು ನಡೆದ ಕ್ರಮದಲ್ಲಿ ಬರೆಯಲು ಪ್ರಯತ್ನಿಸುತ್ತೇನೆ.

ನಮ್ಮ ಮನೆ ನಾರ್ತ್ ಕೆರೊಲಿನಾದಲ್ಲಿ, ರಿಸರ್ಚ್ ಟ್ರಯಾಂಗಲ್ ಪಾರ್ಕಿಗೆ ಇಪ್ಪತ್ತು ನಿಮಿಷದ ದಾರಿ. ನಾನು ಕುಂದಾಪುರದ ಕಡೆಯವಳು. ಗಂಡ ಮೈಸೂರಿನವನು. ಮಗಳಿಗೆ ಆಗ ಹನ್ನೆರಡು ವರ್ಷ. ಕೊರೊನಾ ಕಳೆದು ವಿಮಾನಗಳು ಮತ್ತೆ ಸರಿಯಾಗಿ ಹಾರತೊಡಗಿದ ಮೇಲೆ ಅಪ್ಪಯ್ಯ ಮೂರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದರು. ಮೂವತ್ತು ವರ್ಷ ಶಾಲಾ ಮಾಸ್ತರಾಗಿದ್ದವರು, ಊರಲ್ಲಿ ಭಾನುವಾರ ಬಂದರೆ ಅಳಿವೆಯ ಕಲ್ಲುಗಳ ಮೇಲೆ ಕೂತು ಗಾಳ ಹಾಕುತ್ತಿದ್ದರು. ನದಿ ಕಡಲಿಗೆ ಸೇರುವ ಬಾಯಿಯನ್ನು ನಮ್ಮಲ್ಲಿ ಅಳಿವೆ ಅನ್ನುತ್ತಾರೆ. ಇಲ್ಲಿ ನಮ್ಮ ಮನೆಯ ಹಿಂದಿನ ಕೊಳದಲ್ಲಿ ಜನ ಮೀನು ಹಿಡಿದು, ಫೋಟೋ ತೆಗೆದು, ವಾಪಸ್ ನೀರಿಗೆ ಬಿಡುವುದನ್ನು ಅವರು ಒಂದು ವಾರ ನಿಂತು ನೋಡಿದರು.

"ಹಿಡುದ್, ಕಾಂಬುದ್, ಬಿಡುದ್. ಮೀನಿಗೆ ಪರೀಕ್ಷೆ ಮಾಡ್ತ್ರಾ ಎಂತ?" ಎಂದು ಕೇಳಿದರು.

"ಹಾಗಾದ್ರೆ ನಿಜವಾದ ಜಾಗಕ್ಕೆ ಹೋಗೋಣ ಮಾವ," ಎಂದ ನನ್ನ ಗಂಡ. ಅವನು ಮೀನು ತಿನ್ನುವವನಲ್ಲ. ಆದರೆ ಹಿಂದಿನ ವರ್ಷ ನಾಲ್ಕೂ ಚಕ್ರ ಎಳೆಯುವ ಗಾಡಿ ತಗೊಂಡಿದ್ದ. ಅದು ಅಂಗಡಿಯ ಪಾರ್ಕಿಂಗ್ ಬಿಟ್ಟು ಬೇರೆ ಎಲ್ಲೂ ಹೋಗಿರಲಿಲ್ಲ. ಆಫೀಸಿನಲ್ಲಿ ಯಾರೋ ಅವನಿಗೆ ಕಡಲಂಚಿನ ಒಂದು ದ್ವೀಪದ ವಿಷಯ ಹೇಳಿದ್ದರು. ಅಲ್ಲಿ ಡಾಂಬರು ಮುಗಿದ ಮೇಲೆ ಹನ್ನೆರಡು ಮೈಲಿ ಬರೀ ಮರಳು. ದ್ವೀಪದ ತೆಂಕಣ ತುದಿಯಲ್ಲಿ ಅಳಿವೆ, ಮೀನು ಹಿಡಿಯುವವರು ಬಿಟ್ಟರೆ ಬೇರಾರೂ ಹೋಗದ ಜಾಗ.

ನಾವು ಹೊರಟಿದ್ದು ಅಕ್ಟೋಬರಿನ ಒಂದು ಶನಿವಾರ. ಮೋಡ ಮುಚ್ಚಿದ ದಿನ. ಇಡೀ ದಿನ ಸೂರ್ಯ ಕಾಣಲಿಲ್ಲ. ಇದನ್ನು ಹೇಳುವುದಕ್ಕೆ ಕಾರಣವಿದೆ.

ಮರಳಿಗೆ ಇಳಿಯುವ ಜಾಗದಲ್ಲಿ ಒಂದು ಬೋರ್ಡಿತ್ತು. ಟೈರಿನ ಗಾಳಿ ಇಪ್ಪತ್ತಕ್ಕೆ ಇಳಿಸಿ ಎಂದು ಅದರಲ್ಲಿ ಬರೆದಿತ್ತು. ಗಂಡ ಇಪ್ಪತ್ತೆಂಟಕ್ಕೆ ನಿಲ್ಲಿಸಿದ. "ಅಷ್ಟೊಂದು ಇಳಿಸಿದ್ರೆ ರಿಮ್ ಹೋಗುತ್ತೆ ಕಣೆ," ಎಂದ. ಮೊದಲ ಹನ್ನೊಂದು ಮೈಲಿ ಗಾಡಿ ಹೇಗೋ ಹೋಯಿತು. ಒಂದು ಬದಿ ಕಡಲು, ಇನ್ನೊಂದು ಬದಿ ಮರಳಿನ ಗುಡ್ಡೆಗಳು. ಮನೆಯಿಲ್ಲ, ಕಂಬವಿಲ್ಲ, ಮರವಿಲ್ಲ. ಹಿಂದೆ ಹೋದ ಗಾಡಿಗಳ ಗೆರೆಯಲ್ಲಿ ನಮ್ಮ ಚಕ್ರ ಸಿಕ್ಕಿ ಸ್ಟಿಯರಿಂಗ್ ತಾನಾಗಿ ತಿರುಗುತ್ತಿತ್ತು. ಚಿತ್ರಾನ್ನದ ಡಬ್ಬಿ ಮಗಳ ತೊಡೆಯಿಂದ ಎರಡು ಸಲ ಕೆಳಗೆ ಬಿತ್ತು. ಮರಳುಗಾಡಿನಲ್ಲಿ ಒಂಟೆ ಮೇಲೆ ಕೂತರೂ ಇಷ್ಟು ಕುಲುಕಲಿಕ್ಕಿಲ್ಲ ಎಂದು ಅಪ್ಪಯ್ಯ ಅಂದರು. "ಅಜ್ಜ, ನೀವು ಒಂಟೆ ಮೇಲೆ ಕೂತಿದ್ದೀರಾ?" ಎಂದು ಮಗಳು ಕೇಳಿದಳು. "ಇಲ್ಲೆ. ಆದ್ರೆ ನಿನ್ನ ಅಪ್ಪನ ಗಾಡಿಯಗೆ ಕೂತ್ಕಂಡೆ ಅಲ್ದಾ, ಗೊತ್ತಾತ್ತ್," ಎಂದರು.

ತುದಿಗೆ ಒಂದು ಮೈಲಿ ಇರುವಾಗ ದಾರಿ ಕಡಲ ದಂಡೆ ಬಿಟ್ಟು ಗುಡ್ಡೆಗಳ ನಡುವೆ ಒಳಗೆ ಹೊಕ್ಕಿತು. ಅಲ್ಲಿನ ಮರಳು ಹಿಟ್ಟಿನಂತಿತ್ತು. ಗಾಡಿ ಹೂತು ನಿಂತಿತು. ಗಂಡ ಆಕ್ಸಿಲರೇಟರ್ ಒತ್ತಿದ, ಇನ್ನೂ ಹೂತಿತು. ಅವನು ಕೆಳಗಿಳಿದು, ಬೋರ್ಡು ಹೇಳಿದ ಇಪ್ಪತ್ತಕ್ಕೆ ಗಾಳಿ ಇಳಿಸುತ್ತ, ಮಗಳ ಪ್ಲಾಸ್ಟಿಕ್ ಸಲಿಕೆಯಿಂದ ಚಕ್ರದ ಮುಂದಿನ ಮರಳು ತೆಗೆಯತೊಡಗಿದ. ಆಗ ಒಂದೂಕಾಲು.

ಅಪ್ಪಯ್ಯ ಗಾಳದ ಕೋಲು, ಸಿಗಡಿಯ ಡಬ್ಬಿ ತಗೊಂಡು ಇಳಿದರು. "ನೀವು ಗಾಡಿ ತೆಗೀನಿ. ನಾ ಒಂದ್ ಗಾಳ ಹಾಕಿ ಬತ್ತೆ," ಎಂದರು. ಒಬ್ಬರೇ ಬೇಡ ಎಂದು ನಾನು ಹೇಳಿದೆ. "ಮಾರಾಯ್ತಿ, ಕಡಲು ನಂಗೆ ಹೊಸತಾ?" ಎಂದರು. ನಾನು ಮತ್ತೆ ಒತ್ತಾಯಿಸಲಿಲ್ಲ. ಅವರ ಹತ್ತಿರ ನನ್ನ ಹಳೆಯ ಫೋನು ಇತ್ತು. ಅದರಲ್ಲಿ ಮಾತಾಡುವ ಸಿಮ್ ಮಾತ್ರ. ಮನೆಯ ಹೊರಗೆ ಇಂಟರ್ನೆಟ್ ಇಲ್ಲ, ಆದ್ದರಿಂದ ಅವರೆಲ್ಲಿದ್ದಾರೆ ಎಂದು ನಕ್ಷೆಯಲ್ಲಿ ನೋಡುವಂತಿರಲಿಲ್ಲ.

ಎರಡು ನಲವತ್ತಕ್ಕೆ ಆ ಕರೆ ಬಂತು. ಗಾಳಿಯ ಸದ್ದಿನ ಮಧ್ಯೆ ಅವರ ಧ್ವನಿ.

"ಹೆಣೆ, ನೀರು ಹಿಂದಿಂದ ಬಂತ್. ನಾ ಪಡು ಬದಿ ದಿಬ್ಬದ ಮೇಲಿದ್ದೆ. ದಾಟೂಕೆ ಆತಿಲ್ಲೆ. ಬೇಗ ಬಾ."

ಕರೆ ನಿಂತಿತು. ವಾಪಸ್ ಮಾಡಿದೆ, ಹತ್ತಲಿಲ್ಲ.

ಅದರ ಅರ್ಥ ನನಗೆ ತಕ್ಷಣ ಆಯಿತು. ಇಳಿತದ ಹೊತ್ತಿನಲ್ಲಿ ಅವರು ನಡೆದುಕೊಂಡು ಒಂದು ಮರಳು ದಿಬ್ಬದ ಮೇಲೆ ಹೋಗಿದ್ದಾರೆ. ಈಗ ಉಬ್ಬರ ಏರುತ್ತಿದೆ. ದಿಬ್ಬಕ್ಕೂ ದಂಡೆಗೂ ನಡುವಿನ ತಗ್ಗು ಮೊದಲು ತುಂಬಿದೆ. ದಿಬ್ಬ ಮುಳುಗುವ ಮೊದಲು ಅವರನ್ನು ತಲುಪಬೇಕು. ಅವರಿಗೆ ಎಪ್ಪತ್ತೊಂದು ವರ್ಷ. ಈಜು ಗೊತ್ತಿತ್ತು, ಆದರೆ ಅಳಿವೆಯ ಸೆಳೆತದಲ್ಲಿ ಈಜಬಾರದು ಎಂಬುದೂ ಗೊತ್ತಿತ್ತು.

ಗಂಡ 911ಕ್ಕೆ ಫೋನ್ ಮಾಡಿದ. "ಎಲ್ಲಿ ಅಂತ ಕೇಳ್ತಿದಾರೆ, ಬೇಗ ಹೇಳು," ಎಂದ. ನಾನು ಹೇಳಿದೆ, "ವೆಸ್ಟ್. ವೆಸ್ಟ್ ಸೈಡ್ ಸ್ಯಾಂಡ್‌ಬಾರ್." ಪಡು ಅಂದರೆ ಪಶ್ಚಿಮ. ಅದರಲ್ಲಿ ಯೋಚಿಸುವುದಕ್ಕೇನೂ ಇರಲಿಲ್ಲ. ದ್ವೀಪದ ಪಶ್ಚಿಮಕ್ಕೆ ಒಳಗಡಲು, ಅಂದರೆ ದ್ವೀಪಕ್ಕೂ ಮುಖ್ಯ ನೆಲಕ್ಕೂ ನಡುವಿನ ಅಗಲವಾದ ಹಿನ್ನೀರು. ಅಲ್ಲಿಗೆ ದೋಣಿ ಕಳಿಸುತ್ತೇವೆ, ಬರಲು ಮುಕ್ಕಾಲು ಗಂಟೆ ಬೇಕು ಎಂದರು.

ಅಷ್ಟರಲ್ಲಿ ನಾವು ಬಂದ ದಾರಿಯಲ್ಲೇ ಹಿಂದಿನಿಂದ ಒಂದು ಪಿಕಪ್ ಟ್ರಕ್ ಬಂತು. ಅದರ ಮುಂದೆ ಆರೇಳು ಗಾಳದ ಕೋಲುಗಳು ನೆಟ್ಟಗೆ ನಿಂತಿದ್ದವು. ಓಡಿಸುತ್ತಿದ್ದದ್ದು ಅರವತ್ತು ದಾಟಿದ ಹೆಂಗಸು, ಪಕ್ಕದಲ್ಲಿ ಅವಳ ಗಂಡ. ನಾನು ಹೇಳಿದ್ದನ್ನು ಅರ್ಧ ಕೇಳಿಯೇ ಆಕೆ "ಹಿಂದೆ ಹತ್ತು" ಎಂದಳು. ಮಗಳನ್ನು ಅವಳಪ್ಪನ ಹತ್ತಿರ ಬಿಟ್ಟು ನಾನು ಟ್ರಕ್ಕಿನ ತೆರೆದ ಹಿಂಭಾಗಕ್ಕೆ ಹತ್ತಿ ಕಂಬಿ ಹಿಡಿದು ನಿಂತೆ. ಟ್ರಕ್ಕು ತಿರುಗಿ, ಗುಡ್ಡೆಗಳ ನಡುವಿನ ಒಂದು ಕಂಡಿಯಿಂದ ಪಶ್ಚಿಮಕ್ಕೆ ಹೊರಟಿತು.

ಒಳಗಡಲಿನ ಬದಿಯಲ್ಲಿ ಎತ್ತರದ ಹುಲ್ಲು, ಕೆಸರು, ನಡುವೆ ಸಣ್ಣ ಸಣ್ಣ ದಿಬ್ಬಗಳು. ನಾನು ಕೂಗಿದೆ. ಆ ಗಂಡಸು ದುರ್ಬೀನು ಹಿಡಿದು ಒಂದೊಂದೇ ದಿಬ್ಬ ನೋಡಿದ. ಹಕ್ಕಿಗಳಿದ್ದವು. ಅಪ್ಪಯ್ಯ ಇರಲಿಲ್ಲ. ಉತ್ತರಕ್ಕೆ ಹೋದೆವು, ತಿರುಗಿ ತುದಿಯ ಕಡೆ ಬಂದೆವು. ಮೂರು ಗಂಟೆ ಐದು ನಿಮಿಷವಾಯಿತು. ಒಂದು ದಿಬ್ಬ ನಮ್ಮ ಕಣ್ಣೆದುರೇ ಮುಳುಗಿತು. ಅದರ ಮೇಲಿದ್ದ ಹಕ್ಕಿಗಳು ಎದ್ದು ಪಕ್ಕದ ದಿಬ್ಬಕ್ಕೆ ಹೋದವು.

ಆಕೆ ಟ್ರಕ್ಕು ನಿಲ್ಲಿಸಿ ಹೊರಗೆ ತಲೆ ಹಾಕಿದಳು. "ನಿನ್ನ ತಂದೆ ಇಂಗ್ಲಿಷಲ್ಲಿ ಹೇಳಿದರಾ?"

"ಇಲ್ಲ. ನಮ್ಮ ಭಾಷೆಯಲ್ಲಿ."

"ಹಾಗಾದರೆ ಅವರು ಹೇಳಿದ ಹಾಗೇ ಒಮ್ಮೆ ಹೇಳು. ನನಗಲ್ಲ, ನೀನು ಕೇಳಿಸಿಕೊಳ್ಳುವುದಕ್ಕೆ."

ನಾನು ಹೇಳಿದೆ. ಪಡು ಬದಿ ದಿಬ್ಬದ ಮೇಲಿದ್ದೆ. ಅವರ ಧಾಟಿಯಲ್ಲೇ ಹೇಳಿದೆ. ಬಾಯಿಂದ ಮಾತು ಹೊರಗೆ ಬರುವಾಗ ನನಗೆ ಕಂಡದ್ದು ದಿಕ್ಕಲ್ಲ, ಕಡಲು.

ನಮ್ಮ ಊರಲ್ಲಿ ಎಡ, ಬಲ ಎಂದು ಯಾರೂ ಹೇಳುವುದಿಲ್ಲ. ಬಿಂದಿಗೆ ಬಾವಿಯ ಮೂಡು ಬದಿಗಿರುತ್ತದೆ, ಚಪ್ಪಲಿ ಜಗಲಿಯ ತೆಂಕು ಬದಿಗಿರುತ್ತದೆ. ಪಡು ಬದಿ ಅಂದರೆ ಮಾತ್ರ ಒಂದೇ ಅರ್ಥ. ಕಡಲು ಇರುವ ಬದಿ. ಪಡು ಗಾಳಿ ಅಂದರೆ ಕಡಲ ಗಾಳಿ. ಪಡುವಿಗೆ ಹೋದ ಅಂದರೆ ಕಡಲಿಗೆ ಹೋದ. ಎಪ್ಪತ್ತೊಂದು ವರ್ಷ ಪಶ್ಚಿಮದಲ್ಲೇ ಕಡಲು ನೋಡಿದ ಮನುಷ್ಯ, ಸೂರ್ಯನಿಲ್ಲದ ದಿನ, ಕಡಲೆದುರು ನಿಂತು, ಜೀವ ಹೋಗುವ ಹೊತ್ತಿನಲ್ಲಿ ಪಡು ಎಂದಿದ್ದಾರೆ. ಇಲ್ಲಿ ಕಡಲು ಇರುವುದು ಪೂರ್ವಕ್ಕೆ.

ನಾನೂ ಅದೇ ಮನೆಯಲ್ಲಿ ಹುಟ್ಟಿದವಳು. ಆ ದ್ವೀಪದಲ್ಲಿ ಆ ಮಾತು ಅರ್ಥವಾಗಬೇಕಿದ್ದದ್ದು ನನಗೊಬ್ಬಳಿಗೆ. ಹದಿನೈದು ವರ್ಷ ಇಲ್ಲಿ ಗಾಡಿ ಓಡಿಸಿ, ಹೆದ್ದಾರಿ ಬೋರ್ಡುಗಳಲ್ಲಿ ಈಸ್ಟ್, ವೆಸ್ಟ್ ಓದಿ, ನನ್ನ ತಲೆಯಲ್ಲಿ ಪಡು ಅನ್ನುವುದು ವೆಸ್ಟ್ ಆಗಿಬಿಟ್ಟಿತ್ತು.

"ಆ ಕಡೆ," ಎಂದು ಕಿರುಚಿದೆ. "ಕಡಲ ಕಡೆ. ನಾನು ತಪ್ಪು ಹೇಳಿದೆ."

ಕಡಲ ಬದಿಯಲ್ಲಿ ದಿಬ್ಬಗಳಿರುವುದು ತುದಿಯಲ್ಲಿ ಮಾತ್ರ ಎಂದು ಆಕೆಗೆ ಗೊತ್ತಿತ್ತು. ಕಂಡಿಯಿಂದ ವಾಪಸ್ ಬಂದು, ಕಡಲ ದಂಡೆಗೆ ಇಳಿದು, ತುದಿಗೆ ಹೋಗುವುದಕ್ಕೆ ಹನ್ನೊಂದು ನಿಮಿಷ ಹಿಡಿಯಿತು. ದಾರಿಯಲ್ಲಿ ನಮ್ಮ ಗಾಡಿ ದಾಟುವಾಗ ಕೈ ಬೀಸಿ "ಈಸ್ಟ್, ಈಸ್ಟ್" ಎಂದು ಕೂಗಿದೆ. ಗಂಡ ಫೋನ್ ಕಿವಿಗೆ ಹಚ್ಚಿದ್ದು ಕಂಡಿತು.

ಅಪ್ಪಯ್ಯ ಅಲ್ಲಿದ್ದರು. ನೀರು ಸೊಂಟದ ಮೇಲಿತ್ತು. ಗಾಳದ ಕೋಲನ್ನು ಮರಳಿಗೆ ನೆಟ್ಟು ಎರಡೂ ಕೈಯಲ್ಲಿ ಹಿಡಿದಿದ್ದರು. ಅಲೆ ಬಂದಾಗ ಎದೆಯವರೆಗೆ ಮುಳುಗಿ ಮತ್ತೆ ಕಾಣುತ್ತಿದ್ದರು. ಅವರಿಗೂ ದಂಡೆಗೂ ನಡುವೆ ನಾಲ್ಕು ಬಸ್ಸಿನ ಉದ್ದದಷ್ಟು ನೀರು, ಕಂದು ಬಣ್ಣದ್ದು, ವೇಗವಾಗಿ ಅಳಿವೆಯ ಒಳಕ್ಕೆ ಹರಿಯುತ್ತಿತ್ತು. ನಾನು ನೀರಿಗೆ ಓಡಿದೆ. ಆಕೆ ನನ್ನ ಜಾಕೆಟ್ಟಿನ ಕಾಲರ್ ಹಿಡಿದು ಎಳೆದಳು. "ಇಬ್ಬರನ್ನು ಹುಡುಕುವುದಕ್ಕೆ ನನ್ನ ಹತ್ತಿರ ಹೊತ್ತಿಲ್ಲ," ಎಂದಳು.

ಅವಳ ಗಂಡ ಅಷ್ಟರಲ್ಲಿ ಉದ್ದನೆಯ ಒಂದು ಗಾಳದ ಕೋಲು ತೆಗೆದು, ಕೊಕ್ಕೆ ಕತ್ತರಿಸಿ, ಸೀಸದ ಗುಂಡು ಮಾತ್ರ ಉಳಿಸಿದ್ದ. ಬೀಸಿದ. ಗುಂಡು ಅಪ್ಪಯ್ಯನಿಗಿಂತ ಆಚೆ ಬಿತ್ತು, ದಾರವನ್ನು ನೀರು ಎಳೆದುಕೊಂಡು ಹೋಯಿತು. ಸುತ್ತಿ ಎಳೆದು ಮತ್ತೆ ಬೀಸಿದ. ಮತ್ತೆ ತಪ್ಪಿತು. ಮೂರನೆಯ ಸಲ ದಾರ ಅಪ್ಪಯ್ಯನ ಭುಜದ ಮೇಲೆ ಬಿತ್ತು, ಅವರು ಹಿಡಿದರು. ಈ ಕಡೆಯಲ್ಲಿ ಅವನು ದಾರ ಕತ್ತರಿಸಿ ಅದರ ತುದಿಗೆ ಒಂದು ಹಗ್ಗ ಕಟ್ಟಿದ. ಮುಂದೇನು ಮಾಡಬೇಕೆಂದು ನಾನು ಕೂಗಿ ಹೇಳಬೇಕಾಗಲಿಲ್ಲ. ಅಪ್ಪಯ್ಯ ದಾರ ಎಳೆದು, ಹಗ್ಗ ಕೈಗೆ ಬಂದ ಮೇಲೆ ಅದನ್ನು ಕಂಕುಳ ಕೆಳಗೆ ಸುತ್ತಿ ಗಂಟು ಹಾಕಿದರು. ಗಂಟು ಹಾಕಲು ಬಹಳ ಹೊತ್ತು ಬೇಕಾಯಿತು. ಬೆರಳು ಮಡಚುತ್ತಿರಲಿಲ್ಲ ಎಂದು ಆಮೇಲೆ ಹೇಳಿದರು. ನಾವು ಮೂವರೂ ಕೈಯಲ್ಲೇ ಎಳೆದೆವು. ಮಧ್ಯದಲ್ಲಿ ಅವರ ತಲೆ ಎರಡು ಸಲ ಕಾಣದೆ ಹೋಯಿತು. ನಾನು ಎಣಿಸಿದ್ದೇನೆ. ಎರಡು ಸಲ.

ದಂಡೆಗೆ ಬಂದ ಮೇಲೆ ಅವರು ಮೊಣಕಾಲಿನ ಮೇಲೆ ಕೂತು ಉಪ್ಪು ನೀರು ಕಾರಿದರು. ಆಮೇಲೆ ಆ ಇಬ್ಬರ ಕಡೆ ತಿರುಗಿ, ಶಾಲೆಗೆ ಇನ್‌ಸ್ಪೆಕ್ಟರು ಬಂದಾಗಿನ ಇಂಗ್ಲಿಷಿನಲ್ಲಿ, "ಸಾರಿ ಫಾರ್ ದ ಟ್ರಬಲ್," ಎಂದರು. ಹಲ್ಲು ಕಟಕಟ ಎನ್ನುತ್ತಿತ್ತು.

ದೋಣಿ ತುದಿ ಸುತ್ತಿ ಬಂದಾಗ ಮೂರು ಐವತ್ತು. ಅದರಲ್ಲಿದ್ದವರು ಅಪ್ಪಯ್ಯನ ನಾಡಿ ನೋಡಿ, ಬೆಳ್ಳಿ ಬಣ್ಣದ ಹೊದಿಕೆ ಹೊದಿಸಿದರು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡು ಕಳಿಸಿದರು.

ಮನೆಗೆ ಬಂದ ಮೇಲೆ ನಾನೇ ಹೇಳಿದೆ. "ಅಪ್ಪಯ್ಯ, ನೀವು ಪಡು ಅಂದ್ರಿ. ನಾನು ವೆಸ್ಟ್ ಅಂದೆ. ಇಪ್ಪತ್ತೈದು ನಿಮಿಷ ಬೇರೆ ಕಡೆ ಹುಡುಕಿದೆ."

"ಪಡು ಅಂದ್ರೆ ವೆಸ್ಟೇ ಅಲ್ದಾ? ನಾನೇ ಕಲ್ಸದ್ದ್," ಎಂದರು. "ಮಕ್ಕಳ ಕೈಯಗೆ ನಕ್ಷೆ ಬರ್ಸಿ ದಿಕ್ಕು ಕಲ್ಸದವ ನಾನ್. ತಪ್ಪು ನಂದ್."

ನಮ್ಮಿಬ್ಬರಲ್ಲಿ ತಪ್ಪು ಯಾರದೆಂದು ಮುಂದಿನ ದಿನಗಳಲ್ಲಿ ಎಷ್ಟೋ ಸಲ ವಾದವಾಯಿತು. ನನ್ನದು ಎಂದರೆ ಅವರು ಒಪ್ಪಲಿಲ್ಲ. ಗಂಡ, ಟೈರಿನ ಗಾಳಿ ಸರಿಯಾಗಿ ಇಳಿಸಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ ಎಂದ. ಅದೂ ನಿಜವೇ.

ಅವರು ಊರಿಗೆ ಹೊರಡುವ ಹಿಂದಿನ ದಿನ ಪೆಟ್ಟಿಗೆ ಕಟ್ಟುತ್ತಿದ್ದೆ. ಅವರು ಮಂಚದ ಮೇಲೆ ಕೂತು ಅಂಗಿ ಮಡಚಿ ಕೊಡುತ್ತಿದ್ದರು. ಇದ್ದಕ್ಕಿದ್ದಂತೆ ಹೇಳಿದರು.

"ನೀ ಆಚೆ ಬದಿಗೆ ಹೋಪುದ್ ನಂಗೆ ಕಂಡ್ತ್."

"ಎಲ್ಲಿ?" ಎಂದು ಕೇಳಿದೆ.

"ಗುಡ್ಡೆಗಳ ಮಧ್ಯೆ ಒಂದ್ ಸಂದಿ ಇತ್ತಲೆ, ಅಲ್ಲಿ. ಗಾಡಿ ಮೇಲೆ ನಿಂತ್ಕಂಡಿದ್ದೆ ನೀನ್. ನಾ ಕೂಗ್ದೆ. ನಿಂಗೆ ಎಲ್ಲಿ ಕೇಂತ್ ಆ ಗಾಳಿಯಗೆ."

ನಾನು ಬೆನ್ನು ತೋರಿಸಿ ದೂರ ಹೋಗುವುದನ್ನು ಅವರು ನೀರಿನಲ್ಲಿ ನಿಂತು ನೋಡಿದ್ದಾರೆ. ಇಷ್ಟು ವಾರ ಹೇಳಿರಲಿಲ್ಲ. ನನಗೆ ಅಳು ಬಂತು. ಅವರು ಕೈಯಲ್ಲಿದ್ದ ಅಂಗಿಯನ್ನು ಮತ್ತೆ ಬಿಡಿಸಿ, ಮತ್ತೆ ಮಡಚಿದರು.

"ಅಲ್ಲ ಹೆಣೆ, ಅದಕ್ಕಲ್ಲ ಹೇಳದ್ದ್. ಫೋನು ಕಟ್ಟಾಯ್ತಲೆ, ನಾ ಹೇಳದ್ದ್ ನಿಂಗೆ ಕೇಂತೋ ಇಲ್ಯೋ ಅಂತ ಗೊತ್ತಿರ್ಲಿಲ್ಲೆ. ಕೋಲು ಬಿಟ್ಟ್ ಈಜೂದೇ ಅಂತ ಮಾಡಿದ್ದೆ. ಒಂದ್ ಹೆಜ್ಜೆ ಇಟ್ಟೂ ಆಯ್ತ್. ಆಗ ನೀ ಕಂಡೆ. ಸರಿ, ಇವ್ಳಿಗೆ ಕೇಂಡಿತ್, ಹುಡ್ಕ್ತಾ ಇದ್ದಳೆ. ಆಚೆ ಬದಿ ಮುಗ್ಸಿ ಈಚೆ ಬತ್ತಳೆ. ಅಷ್ಟೊತ್ತ್ ನಿಂತ್ಕಂಬ ಅಂದ್ಕಂಡೆ."

ಅದು ನಿಜವೋ, ನನ್ನನ್ನು ಸಮಾಧಾನ ಮಾಡುವುದಕ್ಕೆ ಹೊರಡುವ ಮೊದಲು ಕಟ್ಟಿ ಹೇಳಿದ್ದೋ, ನನಗೆ ಗೊತ್ತಿಲ್ಲ. ಕೇಳಲೂ ಇಲ್ಲ. ಅವರು ಮಡಚಿದ ಅಂಗಿ ಚಾಚಿದರು. ನಾನು ತಗೊಂಡು ಪೆಟ್ಟಿಗೆಯಲ್ಲಿಟ್ಟೆ.