ಸಿ.ಡಿ.ಯೊಳಗೆ ಉಳಿದ ಉತ್ತರಗಳು

ಸಿ.ಇ.ಟಿ.ಗೆ ಐದೇ ದಿನ ಉಳಿದಿತ್ತು. ನನ್ನ ಭೌತಶಾಸ್ತ್ರದ ಪುಸ್ತಕದಲ್ಲಿ ಪ್ರಶ್ನೆಗಳು ಮಾತ್ರ. ಉತ್ತರವೆಲ್ಲ ಹಿಂದಿನ ರಟ್ಟಿಗೆ ಅಂಟಿಸಿದ ಸಿ.ಡಿ.ಯಲ್ಲಿ. ಜೆರಾಕ್ಸ್ ಮಾಡಿಸುವವರನ್ನು ತಡೆಯಲು ಪ್ರಕಾಶಕರು ಹೂಡಿದ ಉಪಾಯ ಅದು. ಸಿ.ಡಿ. ಹಾಕಿದರೆ ಪರದೆಯ ಮೇಲೆ ಒಂದು ನಂಬರು ಬರುತ್ತಿತ್ತು. ಬೆಂಗಳೂರಿಗೆ ಫೋನ್ ಮಾಡಿ ಅದನ್ನು ಹೇಳಿದರೆ ಬೀಗ ತೆಗೆಯುವ ಇನ್ನೊಂದು ನಂಬರು ಕೊಡುತ್ತಿದ್ದರು. ಆ ಒಂದು ಕಂಪ್ಯೂಟರಿಗೆ ಮಾತ್ರ.

ನಮ್ಮ ಮನೆಗೆ ಕಂಪ್ಯೂಟರ್ ಎಲ್ಲಿಂದ ಬರಬೇಕು? ಹರಪನಹಳ್ಳಿ ಬಸ್‌ಸ್ಟ್ಯಾಂಡ್ ಹಿಂದಿನ ರಿಪೇರಿ ಅಂಗಡಿಯಲ್ಲಿ, ಮೂಲೆಯ ಮಷಿನ್‌ಗೆ ಆ ನಂಬರು ಹಾಕಿಸಿಕೊಂಡು, ಅದರ ಮುಂದೆ ಕೂತು ಓದುತ್ತಿದ್ದೆ. ಅಂಗಡಿಯ ಭಾಯ್ ಮೊದಲು ಡೀಸೆಲ್ ಪಂಪು ರಿಪೇರಿ ಮಾಡುತ್ತಿದ್ದವರು. ಕಂಪ್ಯೂಟರನ್ನೂ ಹಾಗೇ ನೋಡುತ್ತಿದ್ದರು: ಒಂದರದು ಬಿಚ್ಚಿ ಇನ್ನೊಂದಕ್ಕೆ ಹಾಕು, ಓಡಿದರೆ ಆಯಿತು.

ಅವತ್ತು ನಗುತ್ತ ಕರೆದರು. "ಬಾರಲೇ ತಮ್ಮಾ. ನಿನ್ನ ಮಷಿನ್ ಭಾಳ ಸ್ಲೋ ಇತ್ತಲ್ಲ, ಡಿಸ್ಕ್ ತಗದು ಹೊಸದಕ್ಕ ಹಾಕೀನಿ. ಕುದುರಿ ಓಡಿದಂಗ ಓಡ್ತೈತಿ ನೋಡು."

ಓಡಿತು. ಸಿ.ಡಿ. ಮಾತ್ರ ಇದು ಬೇರೆ ಕಂಪ್ಯೂಟರ್ ಎಂದು ಹೊಸ ನಂಬರು ಕೇಳಿತು.

"ಹಳೇದು ಎಲ್ಲೈತಿ ಭಾಯ್?"

"ಅದರ ಒಳಗಿನ ಬೋರ್ಡ್ ಕಾನಹೊಸಹಳ್ಳಿಯವ್ರ ಮಷಿನ್‌ಗೆ ಹಾಕಿಕೊಟ್ಟೆ. ಪವರ್ ಕೊಟ್ಟ ಕೂಡ್ಲೇ ಸುಟ್ಟುಹೋತಂತ. ಯಾಕ, ಏನಾತು?"

ಎಸ್.ಟಿ.ಡಿ. ಬೂತಿಗೆ ಓಡಿದೆ. ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳ ಬಾಯಿ ಮುಚ್ಚಿಸಿದ ಧೈರ್ಯ ಇತ್ತು. ಪ್ರಕಾಶಕರ ಕಚೇರಿಯಲ್ಲಿ ಒಬ್ಬ ಹುಡುಗಿ ಫೋನ್ ಎತ್ತಿದಳು. ನಡೆದದ್ದನ್ನೆಲ್ಲ ಹೇಳಿ ಕೇಳಿದೆ:

"ಪುಸ್ತಕ ನಂದೇ ಹೌದಲ್ರಿ ಮೇಡಂ?"

"ಹೌದು ಸರ್."

"ಓದಾಂವನೂ ನಾನೇ. ಹಂಗಾದ್ರ ಕಳ್ಳ ಯಾರ್ರಿ?"

"ಕಳ್ಳ ಅಂತ ಯಾರೂ ಹೇಳಿಲ್ಲ ಸರ್. ಒಂದು ಪುಸ್ತಕಕ್ಕೆ ಒಂದೇ ಕಂಪ್ಯೂಟರ್."

"ಪರೀಕ್ಷೆ ಬರಿಯಾಂವ ನಾನ್ರಿ, ಕಂಪ್ಯೂಟರ್ ಅಲ್ಲ!"

ಆ ಕಡೆ ಕೀಲಿಮಣೆ ಒತ್ತುವ ಸದ್ದು ಕೇಳಿತು. "ನೀವು ಹೇಳೋದು ಸರಿ ಸರ್. ಆದ್ರೆ ನಾನು ಒತ್ತಿದ್ರೂ ನಂಬರ್ ಬರ್ತಿಲ್ಲ. ಪತ್ರ ಬರೀರಿ, ಹದಿನೈದು ದಿನದಲ್ಲಿ ನೋಡ್ತಾರೆ."

ವಾದದಲ್ಲಿ ನಾನೇ ಗೆದ್ದಿದ್ದೆ. ರಿಸೀವರ್ ಇಟ್ಟು ಬೂತಿನವನಿಗೆ ಬಿಲ್ಲಿನ ದುಡ್ಡು ಕೊಟ್ಟೆ.

ವಾಪಸು ಬಂದಾಗ ಭಾಯ್ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದರು. "ಮತ್ತ ಬಿಚ್ಚಿ ನೋಡ್ಲೇನಪಾ?"

"ಇನ್ನೇನು ಉಳದೈತ್ರಿ ಬಿಚ್ಚಾಕ!" ಎಂದು ಕಿರುಚಿ ಪುಸ್ತಕ ಎತ್ತಿಕೊಂಡು ಬಂದುಬಿಟ್ಟೆ.

ಉಳಿದ ದಿನಗಳಲ್ಲಿ ಪ್ರಶ್ನೆಗಳನ್ನು ಪೆನ್ಸಿಲಿನಲ್ಲಿ ಬಿಡಿಸುತ್ತ ಹೋದೆ. ಎಲ್ಲದರ ಮೇಲೂ ಸಂಶಯಪಡುವುದು ನನ್ನ ಹೆಮ್ಮೆಯಾಗಿತ್ತು. ಈಗ ಸಂಶಯ ಬಿಟ್ಟರೆ ನನ್ನಲ್ಲಿ ಬೇರೇನೂ ಇರಲಿಲ್ಲ. ಒಂದು ಲೆಕ್ಕಕ್ಕೆ ಬಿ ಎಂದು ಗುರುತು ಹಾಕಿದೆ, ಅಳಿಸಿ ಸಿ ಎಂದೆ, ಮತ್ತೆ ಬಿ ಎಂದೆ. ಹಾಳೆ ತೂತು ಬಿದ್ದಿತು.