ಡ್ಯಾನ್‌ನ ಅಣ್ಣನ ಸೈಲೆನ್ಸರ್

ಸಿಂಗಪುರದ ಜುರಾಂಗ್ ಈಸ್ಟ್ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಡ್ಯಾನ್ ಅನ್ನೋ ಅಮೆರಿಕದವನು ಕೂರುತ್ತಿದ್ದ. ಒಂದು ದಿನ ಸಾಲು ಊಟದಂಗಡಿಗಳಿರೋ ಹಾಕರ್ ಸೆಂಟರಿನಲ್ಲಿ ಇಬ್ಬರೂ ಊಟಕ್ಕೆ ಕೂತಾಗ ಅವನಿಗೆ ಮನೆಯಿಂದ ಫೋನ್ ಬಂತು. ಮಾತು ಮುಗಿಸಿದವನು ಫ್ರೈಡ್ ರೈಸ್ ಮುಟ್ಟಲೇ ಇಲ್ಲ.

"ಅಣ್ಣನ್ನ ಅರೆಸ್ಟ್ ಮಾಡಿದಾರೆ," ಅಂದ. ಅವನಣ್ಣ ಬಂದೂಕಿನ ಸದ್ದು ತಗ್ಗಿಸುವ ಸೈಲೆನ್ಸರ್ ತಯಾರಿಸಿ ಮಾರುತ್ತಿದ್ದನಂತೆ.

"ಅದು ಅಪರಾಧ ಅಲ್ವಾ?" ಅಂತ ಮೆಲ್ಲಗೆ ಕೇಳಿದೆ. ಬಂದೂಕು ಇಟ್ಟುಕೊಂಡರೇ ಕಠಿಣ ಶಿಕ್ಷೆ ಕೊಡೋ ಸಿಂಗಪುರದಲ್ಲಿ ಆ ಪದ ಜೋರಾಗಿ ಹೇಳೋಕೂ ನನಗೆ ಭಯ.

"ನಮ್ಮ ರಾಜ್ಯದಲ್ಲೇ ಮಾಡಿದ್ದು ಹೊರಗೆ ಹೋಗದೆ ಅಲ್ಲೇ ಉಳಿದ್ರೆ ಕೇಂದ್ರದ ಕಾನೂನು ತಗಲಲ್ಲ ಅಂತ ನಮ್ಮ ರಾಜ್ಯವೇ ಕಾಯ್ದೆ ಮಾಡಿದೆ."

"ಮತ್ತೆ ಅರೆಸ್ಟ್ ಮಾಡಿದ್ದು ಯಾರು?"

"ಕೇಂದ್ರದವರು. ಅವರ ಹತ್ರ ರಿಜಿಸ್ಟರ್ ಮಾಡಿಸಿಲ್ಲ ಅಂತ."

ನಮ್ಮ ಟೇಬಲ್‌ನಲ್ಲೇ ನೂಡಲ್ಸ್ ತಿನ್ನುತ್ತಿದ್ದ ಚೀನೀ ಅಂಕಲ್ ತಲೆಯೆತ್ತಿದರು. "ಎರಡು ಸರ್ಕಾರಾನಾ? ಯಾವುದು ಬಾಸ್ ಲಾ?" ಅಂತ ಇಲ್ಲಿಯವರ ಧಾಟಿಯಲ್ಲಿ ಕೊನೆಗೊಂದು 'ಲಾ' ಸೇರಿಸಿ ಕೇಳಿದರು.

"ಎರಡೂ ತಾನೇ ಬಾಸ್ ಅನ್ನುತ್ತೆ, ಅಂಕಲ್," ಅಂದ ಡ್ಯಾನ್.

ಕಾವೇರಿ ನೀರಿಗಾಗಿ ರಾಜ್ಯ, ಕೇಂದ್ರ ಕಿತ್ತಾಡೋದನ್ನ ನೋಡುತ್ತಲೇ ಬೆಳೆದವರು ನಾವು. ಆದರೂ ಒಂದು ಸರ್ಕಾರದ ಮಾತು ನಂಬಿದವನನ್ನು ಇನ್ನೊಂದು ಸರ್ಕಾರ ಹಿಡಿಯೋದು ಹೇಗೆ ಅಂತ ನನಗೆ ಅರ್ಥವೇ ಆಗಲಿಲ್ಲ. ಸಮಾಧಾನ ಹೇಳೋಣ ಅಂದರೆ ಯಾರನ್ನು ಬೈಯಬೇಕು ಅಂತಲೂ ತಿಳಿಯಲಿಲ್ಲ.

ಕೆಲವು ತಿಂಗಳಾದ ಮೇಲೆ ಕೇಂದ್ರದ ಕೋರ್ಟಿನಿಂದ ತೀರ್ಪು ಬಂತು; ರಾಜ್ಯದ ಕಾಯ್ದೆ ಅಲ್ಲಿ ನೆರವಿಗೆ ಬರಲಿಲ್ಲ. ಜೈಲು ತಪ್ಪಿತು, ಆದರೆ ಅಪರಾಧಿ ಅಂತಾಯಿತು. ಅಲ್ಲಿ ಇಂಥ ಅಪರಾಧಿಗಳಿಗೆ ಬಂದೂಕು ನಿಷಿದ್ಧವಂತೆ, ಹಾಗಾಗಿ ಆ ಅಣ್ಣ ಇನ್ನು ಬಂದೂಕು ಮುಟ್ಟುವ ಹಾಗಿಲ್ಲ.

"ಹಾಗಾದ್ರೆ ನಿಮ್ಮ ರಾಜ್ಯದ ಕಾಯ್ದೆ ರದ್ದಾಯ್ತಾ?" ಅಂದೆ.

"ಇಲ್ಲ, ಹಾಗೇ ಇದೆ," ಅಂದ ಡ್ಯಾನ್. "ತುಂಬಾ ಒಳ್ಳೇ ಕಾಯ್ದೆ ಅಂತ ಅಣ್ಣ ಈಗಲೂ ವಾದ ಮಾಡ್ತಾನೆ."